ನೀಲಕ್ಕನ ಟೀವಿಯಲ್ಲಿ ನಾನು

ಒಂದು ಕಾಲಕ್ಕೆ ನಾನು ದಿನಾ ಟೀವಿಯಲ್ಲಿ ಬರುತ್ತಿದ್ದೆ. ಮುಖ ಬರುತ್ತಿರಲಿಲ್ಲ, ಧ್ವನಿ ಮಾತ್ರ. ಅದೂ ಒಂದೇ ಒಂದು ಟೀವಿಯಲ್ಲಿ, ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ನಮ್ಮ ಪಕ್ಕದ ಮನೆಯ ನೀಲಕ್ಕನವರ ಟೀವಿಯಲ್ಲಿ.

ಇದಕ್ಕೆಲ್ಲ ಕಾರಣ ನನ್ನ ಹವ್ಯಾಸ. ಸರಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ಪಡೆದು, ಮನೆಯಿಂದಲೇ ರೇಡಿಯೋದಲ್ಲಿ ಊರೂರಿನವರ ಜೊತೆ ಮಾತಾಡುವವರನ್ನು ಹ್ಯಾಮ್ ಎನ್ನುತ್ತಾರೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನೂ ಹ್ಯಾಮ್ ಆದೆ. ಹಳೆಯ ರೇಡಿಯೋಗಳ ಹೊಟ್ಟೆ ಬಗೆದು ಜೋಡಿಸಿದ ಸೆಟ್ಟಿನ ಮುಂದೆ ಬೆಳಿಗ್ಗೆ ಕೂತು "ಸೀಕ್ಯೂ, ಸೀಕ್ಯೂ" ಎಂದು ಕೂಗುತ್ತಿದ್ದೆ. ಯಾರಾದರೂ ಕೇಳುತ್ತಿದ್ದರೆ ಉತ್ತರ ಕೊಡಿ ಎಂದು ಅದರ ಅರ್ಥ. "ನಾ ಕರದ್ರ ಓ ಅನ್ನೂದಿಲ್ಲ, ಊರ ಮಂದೀನ ಕರಕೋತ ಕೂಡ್ತೀರಿ" ಎಂದು ಹೆಂಡತಿ ಅಡಿಗೆಮನೆಯಿಂದಲೇ ಹೇಳುತ್ತಿದ್ದಳು. ಅದಕ್ಕೂ ನಾನು ಓ ಅನ್ನುತ್ತಿರಲಿಲ್ಲ.

ಹ್ಯಾಮ್‌ಗಳಿಗೆ ಕಟ್ಟುಪಾಡುಗಳಿವೆ. ರಾಜಕೀಯ ಮಾತಾಡಬಾರದು, ಧರ್ಮ ಮಾತಾಡಬಾರದು, ವ್ಯಾಪಾರ ಮಾತಾಡಬಾರದು. ಇಷ್ಟನ್ನು ಬಿಟ್ಟರೆ ಹುಬ್ಬಳ್ಳಿಯವನಿಗೆ ಮಾತಾಡಲು ಏನು ಉಳಿಯಿತು ಹೇಳಿ? ಬಿಸಿಲು, ಬೆನ್ನುನೋವು, ಆಂಟೆನಾ. ಅದರ ಮೇಲೆ, ಒಬ್ಬರು ಮಾತು ಮುಗಿಸಿ "ಓವರ್" ಎನ್ನುವ ತನಕ ಇನ್ನೊಬ್ಬರು ಬಾಯಿ ಬಿಡುವಂತಿಲ್ಲ. ನಾಲ್ಕು ಜನ ಕೂಡಿದರೆ ನಾಲ್ವರೂ ಒಮ್ಮೆಲೇ ಮಾತಾಡುವ ನಮ್ಮ ಸೀಮೆಯಲ್ಲಿ ಇದು ಸಣ್ಣ ತಪಸ್ಸಲ್ಲ.

ರೇಡಿಯೋ ಅಲೆಗಳ ಸ್ವಭಾವವೂ ವಿಚಿತ್ರ. ನಮ್ಮ ಮಾಳಿಗೆಯಿಂದ ಹೊರಟದ್ದು ಆಕಾಶಕ್ಕೇರಿ, ಅಲ್ಲಿಂದ ಬಾಗಿ, ಎಲ್ಲೋ ದೂರದಲ್ಲಿ ಇಳಿಯುತ್ತದೆ. ನಡುವಿನ ಊರುಗಳಿಗೆ ಸುದ್ದಿಯೇ ಇರುವುದಿಲ್ಲ. ಧಾರವಾಡದ ಗೆಳೆಯನಿಗೆ ಗೊರಗೊರ ಎನ್ನುವ ನಾನು ವಿಜಾಪುರದ ಹ್ಯಾಮ್ ಪಾಟೀಲರಿಗೆ ಎದುರಿಗೆ ಕೂತಂತೆ ಕೇಳಿಸುತ್ತಿದ್ದೆ. ಹತ್ತಿರದವರಿಗೆ ನಾನು ಕೇಳಿಸುವುದೇ ಇಲ್ಲ ಎಂದು ನಂಬಿಕೊಂಡಿದ್ದೆ, ಅದೇ ಧೈರ್ಯದ ಮೇಲೆ ಬೇಕಾದ್ದು ಮಾತಾಡುತ್ತಿದ್ದೆ.

ಇನ್ನು ಆಂಟೆನಾ ಎಂದರೆ ಒಂದು ಉದ್ದನೆಯ ತಂತಿ. ನಮ್ಮ ಮಾಳಿಗೆ ಅದಕ್ಕೆ ಸಾಲದೆ ಇನ್ನೊಂದು ತುದಿಯನ್ನು ನೀಲಕ್ಕನವರ ಮಾಳಿಗೆಯ ಬಿದಿರಿಗೆ ಕಟ್ಟಿದ್ದೆ. ನೀಲಕ್ಕ ಕನ್ನಡ ಸಾಲಿಯಲ್ಲಿ ಕಲಿಸಿ ನಿವೃತ್ತರಾದವರು, ಓಣಿಗೆಲ್ಲ ಅಕ್ಕೋರು. ಅವರು ಬಿದಿರು ಕೀಳು ಎಂದರೆ ನನ್ನ ಸೆಟ್ಟು ಬರೀ ತಗಡಿನ ಡಬ್ಬಿ. ಅಂಥ ಅಕ್ಕೋರು ಒಂದು ದಿನ ಗೇಟಿನಲ್ಲಿ ಹಿಡಿದರು.

"ತಮ್ಮಾ, ಮುಂಜಾನೆ ಟೀವಿ ಹಚ್ಚಿದ್ರ ಭಜನಿ ನಡುವ ನೀ ಬರ್ತಿ ನೋಡು."

"ಲಗೂ ಸರಿ ಮಾಡ್ತೇನ್ರಿ ಅಕ್ಕೋರ."

"ಅವಸರೇನಿಲ್ಲ ಬಿಡು" ಎಂದರು. ಸಾಲಿಯ ಅಕ್ಕೋರು ಅವಸರವಿಲ್ಲ ಎಂದರೆ ಬೆತ್ತ ಹುಡುಕುತ್ತಿದ್ದಾರೆ ಎಂದೇ ನನ್ನ ತಿಳುವಳಿಕೆ.

ಸೈಬರ್ ಕೆಫೆಗೆ ಓಡಿದೆ. ನನ್ನಂಥ ಹುಚ್ಚರೇ ಕಟ್ಟಿದ ವೆಬ್‌ಸೈಟುಗಳು ಆಗ ಬೇಕಾದಷ್ಟಿದ್ದವು. ಕಪ್ಪು ಹಿನ್ನೆಲೆ, ಅದರ ಮೇಲೆ ಕಣ್ಣು ಕುಕ್ಕುವ ಹಳದಿ ಅಕ್ಷರ, ಮೂಲೆಯಲ್ಲಿ ಎಡೆಬಿಡದೆ ಮಣ್ಣು ಅಗೆಯುವ ಪುಟ್ಟ ಮನುಷ್ಯ, ಕೆಲಸ ಇನ್ನೂ ನಡೆದಿದೆ ಎಂಬ ಫಲಕ. ಆ ಕೆಲಸ ಯಾವತ್ತೂ ಮುಗಿದದ್ದು ನಾನು ಕಾಣೆ. ಆದರೆ ಎಂಥ ಧಾರಾಳಿಗಳು! ಕಲಿತದ್ದನ್ನೆಲ್ಲ, ಕೈ ಸುಟ್ಟುಕೊಂಡದ್ದನ್ನೂ ಸೇರಿಸಿ, ಕಂಡರಿಯದವರಿಗಾಗಿ ಬರೆದಿಟ್ಟಿದ್ದರು. ಅಂಥ ಒಬ್ಬ ಪುಣ್ಯಾತ್ಮ ನನ್ನ ರೋಗಕ್ಕೂ ಮದ್ದು ಬರೆದಿದ್ದ. ಫೆರೈಟ್ ಎಂಬ ಕಪ್ಪು ಬಳೆಗಳಿಗೆ ಟೀವಿಯ ವೈರುಗಳನ್ನು ಸುತ್ತಬೇಕು, ಅಷ್ಟೇ. ರಿಪೇರಿ ಅಂಗಡಿಯಿಂದ ಎರಡು ಬಳೆ ತಂದು ಅಕ್ಕೋರ ಟೀವಿಗೆ ತೊಡಿಸಿದೆ. ಮರುದಿನದಿಂದ ಭಜನೆಯಲ್ಲಿ ಭಜನೆ ಮಾತ್ರ. ನಾನು ಗೆದ್ದೆ ಎಂದುಕೊಂಡೆ.

ವಾರ ಕಳೆದಿತ್ತೋ ಇಲ್ಲವೋ, ನಾನು ಸೆಟ್ಟು ಹಚ್ಚಿ ಕೂತಾಗಲೇ ಅಕ್ಕೋರು ಒಳಗೆ ಬಂದರು. ಮುಖ ಗಂಟಿಕ್ಕಿತ್ತು. ಬಿದಿರಿನ ಆಸೆ ಬಿಟ್ಟೆ.

"ನನ್ನ ಟೀವಿಗೆ ಏನ್ ಮಾಡಿಟ್ಟಿ?"

"ಯಾಕ್ರೀ ಅಕ್ಕೋರ, ಈಗ ಛಲೋ ಬರಾಕತ್ತಿಲ್ಲೇನ್ರಿ?"

"ಛಲೋ ಬರಾಕತ್ತೈತಿ, ಅದ ತ್ರಾಸ! ಆ ವಿಜಾಪುರದ ಪಾಟೀಲರ ಹಿತ್ತಲದಾಗ ಬೋರ್ ಹೊಡಸಾಕತ್ತಿದ್ರಲ್ಲ, ನೀರು ಬಿತ್ತೋ ಇಲ್ಲೋ? 'ನೀರು ಬಿತ್ತೇನ್ರಿ, ಓವರ್' ಅಂತ ನೀ ಕೇಳಿದ್ದು ಕೇಳಿಸ್ತು. ಅವರ ಉತ್ತರ ನನ್ನ ಟೀವ್ಯಾಗ ಬರೂದಿಲ್ಲ. ಮರುದಿನ ನಿನ್ನ ಮಾತಿನ ಮ್ಯಾಲೆ ತಿಳಕೊಂಡ್ರಾತು ಅಂದ್ರ, ನೀನೂ ಬಂದ್!"

ತಿಂಗಳುಗಟ್ಟಲೆ ಅರ್ಧ ಸಂಭಾಷಣೆ ಕೇಳಿ ಉಳಿದರ್ಧ ತಾವೇ ಕಟ್ಟಿಕೊಂಡು ಪಾಟೀಲರ ಮನೆಯನ್ನು ಅವರು ಪೂರಾ ಬಲ್ಲವರಾಗಿದ್ದರು.

"ನನ್ನ ಚಹಾ ಬೆಲ್ಲದ ಪಾಕ ಆಗಿರ್ತೈತಿ ಅಂತ ಅವರ ಮುಂದ ಹೇಳೀದಿ, ಅದನ್ನೂ ಕೇಳೇನಿ" ಎಂದು ಸೇರಿಸಿದರು. ಅಡಿಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಹೆಂಡತಿ ನಗುತ್ತಿದ್ದಳು.

ಕುರ್ಚಿ ಕೊಟ್ಟು ಅಕ್ಕೋರನ್ನು ಸೆಟ್ಟಿನ ಮುಂದೆಯೇ ಕೂಡ್ರಿಸಿದೆ. ನಮ್ಮ ಪುಣ್ಯಕ್ಕೆ ಪಾಟೀಲರು ಸಿಕ್ಕರು. ನೀರು ಅವತ್ತೇ ಬಿದ್ದದ್ದು ನನಗೆ ಗೊತ್ತಿತ್ತು, ಆದರೆ ರಾಡಿ. ಪಂಪು ಇಳಿಸಿ ಈಗಷ್ಟೇ ತಿಳಿನೀರು ಬಂದಿದೆಯಂತೆ. ಲೈಸೆನ್ಸ್ ಇಲ್ಲದ ಅಕ್ಕೋರು ಮೈಕಿನಲ್ಲಿ ಮಾತಾಡುವಂತಿರಲಿಲ್ಲ. ನನ್ನ ಭುಜ ತಿವಿದು ಪಿಸುಗುಟ್ಟಿದರು: "ಸಿಹಿ ಐತೋ ಸವಳೋ, ಕೇಳು!" ಕೇಳಿದೆ. ಗರಗರದ ನಡುವೆ ಪಾಟೀಲರ ಧ್ವನಿ ತೇಲಿ ಬಂತು: "ಸಿಹಿ ಐತ್ರಿ, ಖರೇನ ಸಿಹಿ! ಓವರ್." ಅಕ್ಕೋರು ಚಪ್ಪಾಳೆ ತಟ್ಟಿದರು. ಆ ಹೊತ್ತು ನನಗಾದ ಸಂತೋಷ ನನ್ನ ಧ್ವನಿ ಮೊದಲ ಸಲ ಸಮುದ್ರ ದಾಟಿದಾಗಲೂ ಆಗಿರಲಿಲ್ಲ.

ನಮ್ಮ ಹ್ಯಾಮ್‌ಗಳಲ್ಲಿ ಒಂದು ಪದ್ಧತಿಯಿದೆ. ನಮ್ಮ ಮಾತು ದೂರದಲ್ಲಿ ಕೇಳಿದವರಿಗೆ, ಹೌದು, ನೀವು ಕೇಳಿದ್ದು ನನ್ನನ್ನೇ ಎಂದು ಅಂಚೆಯಲ್ಲಿ ಒಂದು ಕಾರ್ಡು ಕಳಿಸುವುದು. ಅಕ್ಕೋರಿಗೂ ಒಂದು ಬರೆದು ಕೈಗೇ ಕೊಟ್ಟೆ. ದೂರ ಎಂಬಲ್ಲಿ 'ಒಂದು ಗೋಡೆ' ಎಂದು ತುಂಬಿದೆ. ಅವರು ಅದನ್ನು ಟೀವಿಯ ಮೇಲೆ ನಿಲ್ಲಿಸಿದರು.

"ಬಳಿ ತಗದುಬಿಡ್ಲೇನ್ರಿ ಅಕ್ಕೋರ?" ಎಂದೆ.

ಅವರು ಟೀವಿಯನ್ನೂ ನನ್ನನ್ನೂ ನೋಡಿ ಯೋಚಿಸಿದರು. "ಒಂದು ತಗಿ. ಭಜನೀನೂ ಬೇಕಲ್ಲ."

ಈಗಲೂ ಬೆಳಿಗ್ಗೆ ಕೂತು, ಯಾರಾದರೂ ಕೇಳುತ್ತಿದ್ದೀರಾ ಎಂದು ಜಗತ್ತನ್ನೆಲ್ಲ ಕೂಗುತ್ತೇನೆ. ಜಗತ್ತು ಉತ್ತರ ಕೊಡಲು ತಡ ಮಾಡುತ್ತದೆ. ಅಷ್ಟರೊಳಗೆ ಗೋಡೆಯ ಆಚೆಯಿಂದ, ಯಾವ ಆಂಟೆನಾ ಇಲ್ಲದೆ, ದೊಡ್ಡ ದನಿಯೊಂದು ಬರುತ್ತದೆ: "ಕೇಳಾಕತ್ತೇನಿ, ಹೇಳು ತಮ್ಮಾ!"