ನಚ್ಚಿನ ದನಿ

ಡೊಂಬಿವಲಿಯ ನಮ್ಮ ಅಕ್ಕನ ಮನೆಯಲ್ಲಿ ಬೆಳಗಿನ ಮೊದಲ ಮಾತು ಕಂಪ್ಯೂಟರಿನದು. ಚಹಾ ಕುದಿಯುವ ಮೊದಲೇ ಅದು ಬಂದ ಮೇಲ್‌ಗಳನ್ನು ಓದತೊಡಗಿರುತ್ತದೆ. ನಲವತ್ತು ದಾಟಿದ ಮೇಲೆ ದೃಷ್ಟಿ ಕಳೆದುಕೊಂಡ ಅಕ್ಕನಿಗೆ, ಪರದೆಯ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಆ ದನಿಯೇ ಕಣ್ಣು. ಅದರ ನೆರವಿನಿಂದ ಆಕೆ ಕಾರ್ಖಾನೆಗಳ ಮರಾಠಿ ಸೂಚನೆಗಳನ್ನು ಕನ್ನಡಕ್ಕೆ ತರುತ್ತಾಳೆ; ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಕ್ರೇನಿನ ಕೆಳಗೆ ದುಡಿಯುವ ರಾಯಚೂರು, ಕಲಬುರಗಿಯ ಮಂದಿಗೆ ಅಲ್ಲಿನ ಮೇಲ್ವಿಚಾರಕರು ಅವನ್ನು ಓದಿ ಹೇಳುತ್ತಾರೆ.

ವಾಗ್ಳೆ ಎಸ್ಟೇಟ್ ಎಂಬ ಕೈಗಾರಿಕಾ ಪ್ರದೇಶದ ಕಚೇರಿಯೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ನಾನು ಅಕ್ಕನ ಯಂತ್ರಕ್ಕೆ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಹಾಕುವಾಗ ಅದರ ಎರಡು ಬಗೆಗಳನ್ನು ವಿವರಿಸಿದ್ದೆ. ಒಂದು, ಎರಡು ವರ್ಷಕ್ಕೊಮ್ಮೆ ಒಟ್ಟಾಗಿ ಬದಲಾಗಿ, ನಡುವೆ ಬರೀ ದುರಸ್ತಿ ಮಾಡಿಸಿಕೊಳ್ಳುತ್ತ ನಿಂತಲ್ಲೇ ನಿಲ್ಲುವಂಥದು. ಇನ್ನೊಂದು, ಹೊಸತು ಬಂದಂತೆಲ್ಲ ಪ್ರತಿ ವಾರವೂ ಅಷ್ಟಷ್ಟು ಬದಲಾಗುತ್ತ ಹರಿಯುವಂಥದು. ಹರಿಯುವುದರಲ್ಲಿ ಕನ್ನಡದ ಹೊಸ ದನಿಯೊಂದು ಬಂದಿತ್ತು, ಅಕ್ಕರೆಯಿಂದ ಮಾತಾಡುವ ಹೆಣ್ಣು ದನಿ. ಹಳೆಯದು ತಗಡಿನ ಡಬ್ಬಿ ಕುಲುಕಿದಂತಿತ್ತು. ಅಕ್ಕ ಎರಡನ್ನೂ ಕೇಳಿ ಹೊಸದನ್ನೇ ಆರಿಸಿದಳು. ಕೆಲವು ತಿಂಗಳು ಎಲ್ಲವೂ ಸುಖವಾಗಿತ್ತು.

ಒಂದು ಬೆಳಿಗ್ಗೆ ಆಕೆಯ ಫೋನು ಬಂತು. "ತಮ್ಮಾ, ಇದು ಮಾತಾಡವಲ್ದು. ಚಾಲೂ ಐತೋ ಇಲ್ಲೋ, ಅದೂ ತಿಳೀವಲ್ದು."

ನಿಮಗೂ ನನಗೂ ಶಬ್ದ ಹೋದರೆ ಹಾಡು ಹೋದಂತೆ, ಅಷ್ಟೆ. ಅಕ್ಕನಿಗೆ ಇಡೀ ಯಂತ್ರವೇ ಇಲ್ಲವಾಗಿತ್ತು. ಕ್ರೇನಿನ ಸೂಚನೆಗಳನ್ನು ಆಕೆ ಅಂದು ಮಧ್ಯಾಹ್ನವೇ ಕಳುಹಿಸಬೇಕಿತ್ತು. ರಜೆ ಹಾಕಿ, ನನ್ನ ಮನೆಯಿರುವ ವರ್ತಕ ನಗರದಿಂದ ರಿಕ್ಷಾ ಹಿಡಿದು, ಲೋಕಲ್ ಗಾಡಿಯಲ್ಲಿ ನಿಂತು ಹೋದೆ. ಹೋದಾಗ ಆಕೆ ಯಂತ್ರದ ಬೆನ್ನಿಗೆ ಅಂಗೈ ಒತ್ತಿ, ಬಿಸಿ ಇದೆಯೋ ಎಂದು ನೋಡುತ್ತ ಕುಳಿತಿದ್ದಳು. ಹಿಂದಿನ ಸಂಜೆ ತಾನಾಗಿ ಇಳಿದ ಬದಲಾವಣೆಗಳ ಹೊಸ ಕಂತು ಶಬ್ದದ ಭಾಗವನ್ನು ಕೆಡಿಸಿತ್ತು. ದುರಸ್ತಿಯನ್ನು ಆಮೇಲೆ ನೋಡೋಣವೆಂದು ನಾನು ಮರಾಠಿಯನ್ನು ಓದುತ್ತ ಹೋದೆ, ಆಕೆ ಕನ್ನಡದಲ್ಲಿ ಹೇಳುತ್ತ ಹೋದಳು, ನಾನು ಬೆರಳಚ್ಚು ಮಾಡಿದೆ. 'ತೂಗುವ ಭಾರದ ಕೆಳಗೆ ನಿಲ್ಲಬಾರದು' ಎಂದು ನಾನು ನನ್ನ ಕನ್ನಡದಲ್ಲಿ ಬರೆದು ಓದಿದ್ದನ್ನು ಅಳಿಸಲು ಹೇಳಿ, 'ಹೊರಿ ಮ್ಯಾಲ ತೂಗಾಡಾಕತ್ತಿದ್ರ ಅದರ ಕೆಳಗ ನಿಂದರಬ್ಯಾಡ್ರಿ' ಎಂದು ಬರೆಸಿದಳು. ಹೊತ್ತಿಗೆ ಸರಿಯಾಗಿ ಕೆಲಸ ಹೋಯಿತು.

ಯೋಚಿಸಿದರೆ ನಮ್ಮ ಮಾತೂ ಈ ಎರಡು ಬಗೆಯದೇ. ಅಕ್ಕನ ಕನ್ನಡ, ಆಕೆ ನಮ್ಮೂರು ವಿಜಯಪುರ ಬಿಟ್ಟ ದಿನ ಇದ್ದಲ್ಲೇ ನಿಂತಿದೆ; ನನ್ನದು ದಿನವೂ ಅಷ್ಟು ಮರಾಠಿ, ಇಷ್ಟು ಹಿಂದಿ ಹತ್ತಿಸಿಕೊಂಡು ಹರಿಯುತ್ತಿದೆ; ಇಲ್ಲೇ ಹುಟ್ಟಿದ ನನ್ನ ಮಗಳು ಕನ್ನಡ ಕೇಳಿ ಹಿಂದಿಯಲ್ಲಿ ಉತ್ತರಿಸುತ್ತಾಳೆ. ಯಾವುದು ಮೇಲೆಂದು ನಾನು ಹೇಳಲಾರೆ. ಆದರೆ ಕ್ರೇನಿನ ಕೆಳಗಿನವನಿಗೆ ಅಂದು ಬೇಕಾದದ್ದು ಅಕ್ಕನದೇ.

ಶಬ್ದ ಮರಳಿದ ಮೇಲೆ, ಹರಿಯುವ ಬಗೆಯೇ ಇರಲಿ, ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳುವ ಏರ್ಪಾಡು ಮಾಡುತ್ತೇನೆ ಎಂದೆ. ಮೂಕವಾದ ಯಂತ್ರಕ್ಕೆ ಹಿಂದೆ ಹೋಗೆಂದು ತಾನು ಹೇಳುವುದು ಹೇಗೆ ಎಂದಳು.

"ನಿಂದರೋದನ್ನ ಹಾಕು," ಎಂದಳು ಅಕ್ಕ. "ಬದಲಾಗಬ್ಯಾಡ ಅನ್ನೂದಿಲ್ಲ. ನೀ ಬಂದು ಬಾಜೂಕ ಕುಂತಾಗ ಬದಲಾಗಲಿ."

ಡಬ್ಬಿಯ ದನಿ ಮರಳಿ ಬಂತು. ಆಕೆ ದೂರಲಿಲ್ಲ. ಕಳೆದ ಚಳಿಗಾಲದಲ್ಲಿ ಸ್ಥಿರ ಬಗೆಯ ಹೊಸ ಆವೃತ್ತಿ ಬಂದಾಗ, ಒಂದು ಭಾನುವಾರ ಹೋಗಿ ಪಕ್ಕದಲ್ಲಿ ಕುಳಿತೇ ಹಾಕಿದೆ. ಈ ಸಲ ಅದರೊಳಗೆ ಆ ಅಕ್ಕರೆಯ ದನಿಯೂ ಇತ್ತು. ಅಕ್ಕ ಕ್ರೇನಿನ ಸೂಚನೆಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿಸಿ, ಕಣ್ಣು ಮುಚ್ಚಿ ಕೇಳಿದಳು. ನಾನು ಇನ್ನೊಂದಿಷ್ಟು ಸರಿಪಡಿಸಲು ಕೈ ಚಾಚಿದೆ.

"ಸಾಕು, ಇನ್ನ ಮುಟ್ಟಬ್ಯಾಡ," ಎಂದಳು. "ಊಟಕ್ಕ ಏಳು."