ಎರಡು ಕಿಲೋಮೀಟರಿನ ಕೆಂಪು ವೃತ್ತ

ಲೆಕ್ಕದ ಟೀಚರಿಗೆ ಮಕ್ಕಳು ಇಟ್ಟ ಹೆಸರು ಕೈವಾರ ಟೀಚರ್. ಇಪ್ಪತ್ತೆರಡು ವರ್ಷದಿಂದ ಏಳನೇ ತರಗತಿಗೆ ರೇಖಾಗಣಿತ ಹೇಳಿಕೊಡುತ್ತಿದ್ದರೂ ಕಪ್ಪು ಹಲಗೆಯ ಮೇಲೆ ಬರಿಗೈಯಲ್ಲಿ ಒಂದು ಗೆರೆ ಎಳೆದವರಲ್ಲ. ಅಳತೆ ಅಂದರೆ ಅವರಿಗೆ ಪ್ರಾಣ. ಅದಕ್ಕೇ ಬಸ್ ಪಾಸಿನ ಕೆಲಸವೂ ಅವರ ತಲೆಗೇ ಬಂದಿತ್ತು. ಮನೆ ಎರಡು ಕಿಲೋಮೀಟರಿಗಿಂತ ದೂರವಿದ್ದರೆ ಮಾತ್ರ ಪಾಸು. ಸರಿ, ಸ್ಟಾಫ್ ರೂಮಿನ ಗೋಡೆಗೆ ಊರಿನ ನಕ್ಷೆ ಹಚ್ಚಿ, ಶಾಲೆಯ ಮೇಲೆ ದೊಡ್ಡ ಕೈವಾರದ ಮೊನೆ ಊರಿ, ಕೆಂಪು ವೃತ್ತ ಎಳೆದೇಬಿಟ್ಟರು. ಹೊರಗಿದ್ದರೆ ಪಾಸು, ಒಳಗಿದ್ದರೆ ಕಾಲ್ನಡಿಗೆ. ಯಾರ ಮುಲಾಜೂ ಇಲ್ಲ.

ಈ ವರ್ಷ ಒಳಗೆ ಬಿದ್ದವರಲ್ಲಿ ಹೊಳೆಯಾಚೆಯ ಒಬ್ಬ ಹುಡುಗಿಯಿದ್ದಳು. ವಾರದಲ್ಲಿ ಮೂರು ದಿನ ತಡ. "ಬನ್ನಿ ಮಹಾರಾಣಿಯವರೇ, ಹಾಸಿಗೆ ಬಿಡಲಿಲ್ವಾ?" ಎಂದು ಟೀಚರ್ ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಇನ್ನೆರಡು ತಡ ಬಿದ್ದರೆ ಅವಳನ್ನು ವರ್ಷದ ಪರೀಕ್ಷೆಗೆ ಕೂರಿಸುವಂತಿರಲಿಲ್ಲ. ಪಾಪ, ಹುಡುಗಿ ತುಟಿಪಿಟಕ್ಕೆನ್ನದೆ ಹೋಗಿ ಕೂರುತ್ತಿದ್ದಳು.

ಆ ದಿನ ಪ್ರಮಾಣದ ಪಾಠ. ಗುಂಪಿಗೊಂದು ನಕ್ಷೆ, ಒಂದು ಸೆಂಟಿಮೀಟರ್ ಅಂದರೆ ನೂರು ಮೀಟರ್. ಮನೆಯಿಂದ ಶಾಲೆಗೆ ಬರುವ ದಾರಿಯುದ್ದಕ್ಕೂ ಒದ್ದೆ ದಾರ ಇಟ್ಟು, ಆಮೇಲೆ ಅದನ್ನು ನೆಟ್ಟಗೆ ಹಿಡಿದು ಅಳೆಯಬೇಕು.

"ಟೀಚರ್, ನನ್ನ ದಾರ ಸ್ಕೇಲಿಗಿಂತ ಉದ್ದ ಇದೆ," ಎಂದಳು ಹುಡುಗಿ.

"ಎಲ್ಲೆಲ್ಲೋ ಸುತ್ತಿಸಿರ್ತೀಯ. ಎಲ್ಲಿ, ಇನ್ನೊಂದ್ಸಲ ಇಟ್ಟು ತೋರ್ಸು."

ಹುಡುಗಿ ಇಟ್ಟಳು. ದಾರ ಮನೆಯಿಂದ ಹೊರಟು ಹೊಳೆಯ ದಂಡೆ ಹಿಡಿದು ಕೆಳಗೆ ಕೆಳಗೆ ಹೋಗಿ, ಸೇತುವೆ ದಾಟಿ, ಈಚೆ ದಂಡೆಯಲ್ಲಿ ಮತ್ತೆ ಅಷ್ಟೇ ದೂರ ಹಿಂದೆ ಬಂತು.

"ಇಷ್ಟು ಸುತ್ತು ಯಾಕೆ? ನೇರವಾಗಿ ಬರಬಾರ್ದಾ?"

"ಅಲ್ಲಿ ಸೇತುವೆ ಇಲ್ಲ ಟೀಚರ್. ಈಜ್ಕೊಂಡು ಬರ್ಬೇಕಾಗತ್ತೆ."

ಇಡೀ ತರಗತಿ ಗೊಳ್ಳೆಂದಿತು. ಟೀಚರ್ ನಗಲಿಲ್ಲ. ತಾವೇ ದಾರ ಅಳೆದರು: ಮೂವತ್ತನಾಲ್ಕು ಸೆಂಟಿಮೀಟರ್. ನೇರ ಗೆರೆ ಹದಿನೇಳು. ಹುಡುಗಿ ನಡೆಯುತ್ತಿದ್ದದ್ದು ತಾವು ಬರೆದದ್ದರ ಎರಡರಷ್ಟು! ಅಯ್ಯೋ, ಹೊಳೆ ಕಣ್ಣೆದುರೇ ನೀಲಿಯಾಗಿ ಹರಿಯುತ್ತಿದ್ದರೂ ಕಾಣಲಿಲ್ಲವಲ್ಲ ಎಂದುಕೊಂಡು ಟೀಚರ್ ಪಾಠ ಮುಗಿದೊಡನೆ ಆ ದಾರ ಹಿಡಿದು ಹೆಡ್ಮಾಸ್ಟರ ಕೋಣೆಗೆ ನಡೆದರು.

ಹೆಡ್ಮಾಸ್ಟರು ಮೊದಲು ಮುಖ ಗಂಟಿಕ್ಕಿದರು. "ಇಷ್ಟು ವರ್ಷದಿಂದ ನಡ್ಕೊಂಡು ಬಂದಿರೋ ವೃತ್ತ. ಈಗ ತಪ್ಪು ಅಂತ ಬರೆದ್ರೆ ನಿಮ್ಮ ಮರ್ಯಾದೆ ಏನಾಗತ್ತೆ ಟೀಚರ್?"

"ನನ್ನ ಮರ್ಯಾದೆ ದಿನಾ ಅಷ್ಟು ದೂರ ನಡೀತಿಲ್ಲ ಸಾರ್. ಆ ಮಗು ನಡೀತಿದೆ."

ಹೆಡ್ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಒಂದ್ಸಲ ನಡೆದು ನೋಡಿ ಬರೆದ್ಕೊಡಿ. ಸಹಿ ಹಾಕ್ತೀನಿ."

ಸಂಜೆ ಟೀಚರ್ ಹುಡುಗಿಯ ಜೊತೆ ಹೊರಟರು. ಸೇತುವೆ ಮುಟ್ಟುವಷ್ಟರಲ್ಲೇ ಏದುಸಿರು. ಆಚೆ ದಂಡೆಯಲ್ಲಿ ಎರಡು ಕಡೆ ನಿಂತು ಸುಧಾರಿಸಿಕೊಂಡರು. ಹುಡುಗಿ ಮಾತ್ರ ಬ್ಯಾಗು ಹೊತ್ತು ಸರಸರ ನಡೆಯುತ್ತ, ಆಗಾಗ ಹಿಂತಿರುಗಿ ಕಾಯುತ್ತಿದ್ದಳು. ಮನೆ ಸೇರಿದಾಗ ಗಡಿಯಾರದಲ್ಲಿ ಐವತ್ತೈದು ನಿಮಿಷ ಕಳೆದಿತ್ತು.

ಹೊರಗಿನ ಕೋಣೆಯಲ್ಲಿ ಹುಡುಗಿಯ ಅಕ್ಕ ಯಾರದೋ ಮನೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಟೀಚರನ್ನು ಕಂಡವಳೇ ಸೆಟೆದು ನಿಂತಳು. ಮುಖ ಎಲ್ಲೋ ನೋಡಿದ ಹಾಗಿತ್ತು.

"ನಾನೂ ನಿಮ್ಮ ಕ್ಲಾಸಲ್ಲೇ ಇದ್ದೆ ಟೀಚರ್, ಆರು ವರ್ಷದ ಹಿಂದೆ. ಪರೀಕ್ಷೆಗೆ ಕೂರಿಸಲಿಲ್ಲ, ಏಳಕ್ಕೇ ಬಿಟ್ಬಿಟ್ಟೆ."

ಯಾಕೆ ಎಂದು ಕೇಳುವ ಅಗತ್ಯ ಟೀಚರಿಗಿರಲಿಲ್ಲ. "ತಪ್ಪಾಯ್ತು ಕಣಮ್ಮ. ನನ್ನಿಂದ ದೊಡ್ಡ ತಪ್ಪಾಯ್ತು."

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. "ಇವಳಿಗೆ ಪಾಸು ಸಿಗತ್ತಾ ಟೀಚರ್?"

"ಸಿಗತ್ತೆ. ನಾಳೇನೇ ಬರೆದ್ಕೊಡ್ತೀನಿ."

ಅವಳು ಕುರ್ಚಿಯ ಮೇಲಿದ್ದ ಬಟ್ಟೆಗಳನ್ನು ಎತ್ತಿ ಪಕ್ಕಕ್ಕಿಟ್ಟಳು. "ಕೂತ್ಕೊಳ್ಳಿ ಟೀಚರ್, ನೀರು ತರ್ತೀನಿ. ಅಷ್ಟು ದೂರ ನಡೆದು ಬಂದಿದೀರ."