ಮುಚ್ಚಳದ ಮೇಲಿನ ಕೆಂಡ

ಬೀಡುಕಬ್ಬಿಣದ ಆ ದಪ್ಪ ಪಾತ್ರೆಯನ್ನು ನಾನು ಕೊಂಡದ್ದು ಬರೀ ಹಟಕ್ಕೆ. ಯಾರೋ ಬಯಲಲ್ಲಿ ಕೂತು, ತಳಕ್ಕೂ ಮುಚ್ಚಳದ ಮೇಲೂ ಇದ್ದಿಲಿನ ಕೆಂಡ ಇಟ್ಟು ಕೋಳಿ ಬೇಯಿಸುವುದನ್ನು ಮೊಬೈಲಿನಲ್ಲಿ ನೋಡಿದ್ದೆ. ವಿಜಯಪುರದ ಜಲನಗರದಲ್ಲಿ ನಾನಿರುವ ಮನೆಯ ಮಾಳಿಗೆಯ ಮೇಲೆ ಮೂರು ಭಾನುವಾರ ಕೋಳಿಯನ್ನು ಕರಕಲು ಮಾಡಿದ ಮೇಲೆ ಕೈ ಕುದುರಿತು. ತಳಕ್ಕೆ ಎಂಟು ಕೆಂಡ, ಮೇಲೆ ಹದಿನಾರು. ಆಗಾಗ ಪಾತ್ರೆಯನ್ನು ಒಂದು ಕಡೆ, ಮುಚ್ಚಳವನ್ನು ಇನ್ನೊಂದು ಕಡೆ ತಿರುಗಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಗಾಳಿ ತಡೆಯಬೇಕು. ಗಾಳಿ ತಾಕಿದರೆ ಕೆಂಡ ಧಗಧಗ ಉರಿದು ಬೇಗ ಬೂದಿಯಾಗುತ್ತದೆ, ಮರೆ ಮಾಡಿದರೆ ಬಹಳ ಹೊತ್ತು ಒಂದೇ ಸಮ ಕಾವು ಕೊಡುತ್ತದೆ. ಇಷ್ಟು ಗೊತ್ತಾದದ್ದೇ ತಡ, ಕಂಡವರಿಗೆಲ್ಲ ಪಾಠ ಹೇಳತೊಡಗಿದೆ.

ತಂಗಿ ಹೆರಿಗೆಗೆಂದು ತಿಕೋಟಾದಲ್ಲಿರುವ ಅವ್ವನ ಮನೆಗೆ ಬಂದಿದ್ದಳು. ಕೂಸಿಗೆ ಇಪ್ಪತ್ತು ದಿನ. ಚಳಿಗಾಲದ ಒಂದು ಮಧ್ಯಾಹ್ನ ನಾನು ಪಾತ್ರೆ ಹೊತ್ತು ಅಲ್ಲಿಗೆ ಹೋದೆ. ದ್ರಾಕ್ಷಿ ತೋಟದ ಕಡೆಯಿಂದ ಗಾಳಿ ಬೀಸುತ್ತಿತ್ತು. ಅಂಗಳದಲ್ಲಿ ತಗಡು ನಿಲ್ಲಿಸಿ ಮರೆ ಮಾಡಿ ಒಲೆ ಹೂಡಿದೆ. ತಂಗಿ ಕಿಟಕಿಯಿಂದಲೇ ಕೂಗಿದಳು: "ಅಣ್ಣಾ, ನನಗೊಂದು ತುಂಡ ತಗದಿಡು. ಅವ್ವಗ ಹೇಳಬ್ಯಾಡ."

ಇದ್ದಿಲನ್ನು ಹುರುಪಿನಲ್ಲಿ ಜಾಸ್ತಿಯೇ ಹೊತ್ತಿಸಿದ್ದೆ. ಪಾತ್ರೆಗೆ ಇಟ್ಟು ಉಳಿದ ಕೆಂಡ ನೋಡಿ ಅವ್ವ ಅಂದಳು: "ಯಾಕ ಹಾಳ ಮಾಡ್ತಿಯೋ ಯಪ್ಪಾ? ಬಾಣಂತಿ ಹೊರಸಿನ ಕೆಳಗ ಇಡ್ತೀನಿ ಕೊಡು. ಇದಕ್ಕ ಹೊಗಿನೂ ಇಲ್ಲ, ಕೂಸಿನ ಕಣ್ಣ ಉರಿಯೂದಿಲ್ಲ."

ಬಾಣಂತಿಯ ಮಂಚದಡಿ ಕೆಂಡ ಇಡುವುದು ನಮ್ಮಲ್ಲಿ ಮೊದಲಿಂದ ಇದೆ. ಆದರೆ ಹಳೆಯ ಮನೆಗೆ ಮಾಳಿಗೆಯಲ್ಲಿ ಬೆಳಕಿಂಡಿ ಇತ್ತು, ಸಗಣಿ ಕುಳ್ಳಿನ ಹೊಗೆಗೆ ಬಾಗಿಲೂ ತೆರೆದೇ ಇರುತ್ತಿತ್ತು. ಈಗಿನದು ಹೊಸ ಆರ್‌ಸಿಸಿ ಕೋಣೆ, ಗಾಜಿನ ಕಿಟಕಿ. ಅವ್ವ ಬುಟ್ಟಿಯಷ್ಟು ಕೆಂಡವನ್ನು ಅಗ್ಗಿಷ್ಟಿಗೆಯಲ್ಲಿ ಒಯ್ಯುವಾಗ ನಾನು ಬೆನ್ನ ಹಿಂದೆಯೇ ಕೂಗಿದೆ: "ಕಿಟಕಿ ಬಾಗಲಾ ಗಟ್ಟಿಯಾಗಿ ಹಾಕ್ಬೇ, ಗಾಳಿ ತಾಕಿದ್ರ ಕೆಂಡ ಲಗೂನ ಬೂದಿ ಆಗ್ತಾವು!"

ಅವ್ವ ಬಾಗಿಲು ಹಾಕಿಕೊಂಡು ಹೊರಗೆ ಬಂದಳು.

ಸ್ವಲ್ಪ ಹೊತ್ತಿಗೆ ಕೂಸಿನ ಅಳು ನಿಂತಿತು. "ಬೆಚ್ಚಗಾತು, ಮಲಗೇತಿ ನೋಡು" ಎಂದಳು ಅವ್ವ. ನಾನು ಪಾತ್ರೆ ತಿರುಗಿಸಿದೆ. ಮತ್ತೆ ಅರ್ಧ ಗಂಟೆ ಕಳೆಯಿತು. ಮುಚ್ಚಳ ತೆಗೆದರೆ ಕೋಳಿ ಹದವಾಗಿ ಬೆಂದಿತ್ತು. ಒಂದು ತುಂಡನ್ನು ತಟ್ಟೆಗೆ ಹಾಕಿಕೊಂಡು ಹೋಗಿ ಕಿಟಕಿಯ ಗಾಜು ಬಡಿದೆ. ತಂಗಿ ಓ ಅನ್ನಲಿಲ್ಲ.

ಬಾಗಿಲು ತಳ್ಳಿದೆ. ಹೊಗೆ ಇಲ್ಲ, ವಾಸನೆ ಇಲ್ಲ. ಕೆಂಡ ಇನ್ನೂ ಕೆಂಪಗಿದ್ದವು. ತಂಗಿ ಕಣ್ಣು ಅರೆ ತೆರೆದು ಏನೋ ತೊದಲಿದಳು, ಏಳಲು ಆಗಲಿಲ್ಲ. ಕೂಸನ್ನು ಎತ್ತಿದರೆ ಕುತ್ತಿಗೆ ಹಿಂದಕ್ಕೆ ವಾಲಿತು. ಅಂಗಳಕ್ಕೆ ಓಡಿದೆ. ಅವ್ವ ಅಂಗಾಲು ಉಜ್ಜಿದಳು, ಕೂಸು ಅಳಲಿಲ್ಲ. ಇಬ್ಬರನ್ನೂ ಕಾರಿಗೆ ಹಾಕಿಕೊಂಡು ವಿಜಯಪುರದ ದಾರಿ ಹಿಡಿದೆವು. ಎಷ್ಟೋ ದೂರ ಹೋದ ಮೇಲೆ, ತೆರೆದ ಕಿಟಕಿಯ ಗಾಳಿಗೆ, ಕೂಸು ಬೆಕ್ಕಿನ ಮರಿಯಂತೆ ಸಣ್ಣಗೆ ಒಂದು ಸದ್ದು ಮಾಡಿತು.

ಇಬ್ಬರೂ ಉಳಿದರು. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ವಿಷಗಾಳಿ ತುಂಬಿತ್ತು, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಆಮೇಲೆ ಸಿಟ್ಟಿನಿಂದಲೇ ಕೇಳಿದರು: "ಬಾಗಲಾ ಯಾರು ಹಾಕಿದ್ರಿ?"

"ನಾನ್ರಿ" ಎಂದಳು ಅವ್ವ.

ನಾನು ಪಕ್ಕದಲ್ಲೇ ನಿಂತಿದ್ದೆ. ತಂಗಿಯ ಗಂಡ ಬೈದ, ಬೀಗರು ಬೈದರು, ಹಳೆ ಕಾಲದವರ ಹುಚ್ಚಾಟ ಅಂತ ಓಣಿಯವರೂ ಆಡಿಕೊಂಡರು. ಅವ್ವ ಒಂದು ಸಲವೂ ನನ್ನ ಕಡೆ ಕೈ ತೋರಿಸಲಿಲ್ಲ. ಕೂಸಿಗೆ ಈಗ ಎರಡು ವರ್ಷ. ಈಚೆಗೆ ಎಲ್ಲರೂ ಕೂತಾಗ ಆ ಮಾತು ಮತ್ತೆ ಬಂತು. ಎಲ್ಲರ ಜೊತೆ ನಾನೂ ಅವ್ವನನ್ನು ಬೈದೆ.